ಬಾಣಂತಿಯ ಅಡುಗೆಮನೆ: ಫ್ರೀಜರೋ, ಡಬ್ಬಿಯೋ?

ಮನೆಗೆ ಮಗು ಬರುವ ಸುದ್ದಿ ತಿಳಿದ ಕೂಡಲೇ ನೀವು ಮೊದಲು ಏನು ಕೊಳ್ಳುತ್ತೀರಿ? ತೊಟ್ಟಿಲು, ಕುಲಾವಿ, ಪುಟ್ಟ ಕಾಲ್ಚೀಲ, ಗೋಡೆಗೆ ಹೊಸ ಬಣ್ಣ. ಎಲ್ಲವೂ ಸಂತೋಷದ ಕೆಲಸವೇ, ಬೇಡವೆನ್ನುವವಳು ನಾನಲ್ಲ. ಆದರೆ ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ 6 ಗಂಟೆಗೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಹಸಿದು ಕುಳಿತ ಬಾಣಂತಿಗೆ ಏನು ಕೊಡುವುದು, ಯಾರು ಮಾಡಿಕೊಡುವುದು ಎಂದು ಯೋಚಿಸಿದ್ದೀರಾ? ಚೆನ್ನೈಯಲ್ಲೇ ಹುಟ್ಟಿ ಬೆಳೆದು ಈಗ ಸಂಸಾರ ಹೂಡಿರುವ ನಮ್ಮ ಕನ್ನಡದ ಮಕ್ಕಳಿಗಾಗಿ ಈ ನಾಲ್ಕು ಮಾತು. ಗಂಡುಮಕ್ಕಳೇ, ಪುಟ ತಿರುಗಿಸಬೇಡಿ, ಇದು ನಿಮಗೇ ಹೆಚ್ಚು ಅನ್ವಯಿಸುತ್ತದೆ. (ನಿಮ್ಮಲ್ಲಿ ಕೆಲವರು ಇದನ್ನು ಅಮ್ಮನಿಂದ ಓದಿಸಿ ಕೇಳುತ್ತಿರುವುದೂ ನನಗೆ ಗೊತ್ತು. ಹಾಗಾದರೂ ಸರಿ!)

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೆರಿಗೆಗೆ ತವರಿಗೆ ಹೋದರೆ ಅಲ್ಲಿ ಅಜ್ಜಿ, ಅಮ್ಮ, ಅತ್ತಿಗೆ, ಚಿಕ್ಕಮ್ಮ ಎಂದು ಹತ್ತು ಕೈಗಳಿದ್ದವು. ಯಾವ ಡಬ್ಬಿಯಲ್ಲಿ ಏನಿದೆ ಎಂದು ಎಲ್ಲರಿಗೂ ಗೊತ್ತು. ಈಗ ಒಂದು ಫ್ಲ್ಯಾಟು, ಎರಡು ಕೈ. ಆ ಎರಡು ಕೈಗಳೂ ಮಗುವಿನ ಕೆಲಸದಲ್ಲಿರುತ್ತವೆ.

ನನ್ನ ಮಗಳ ಮನೆಯ ಕಥೆಯನ್ನೇ ಕೇಳಿ. 2023ರ ನವೆಂಬರಿನಲ್ಲಿ ಅವಳಿಗೆ ಎಂಟು ತಿಂಗಳು ತುಂಬಿತ್ತು. ವೇಳಚ್ಚೇರಿಯಲ್ಲಿ ನಾಲ್ಕನೆಯ ಮಹಡಿಯ ಮನೆ. ಗಂಡ ಹೆಂಡತಿ ಯಾವುದೋ ಇಂಗ್ಲಿಷ್ ಪುಸ್ತಕ ಓದಿ ಭಾರೀ ಯೋಜನೆ ಹಾಕಿದ್ದರು. ಒಂದು ತಿಂಗಳಿಗಾಗುವಷ್ಟು ಹುಳಿ, ಪಲ್ಯ, ಚಪಾತಿಗಳನ್ನು ಮುಂಚೆಯೇ ಮಾಡಿ ಫ್ರೀಜರಿನಲ್ಲಿ ತುಂಬುವುದು, ಆಮೇಲೆ ದಿನಕ್ಕೊಂದು ಡಬ್ಬಿ ಬಿಸಿ ಮಾಡಿ ತಿನ್ನುವುದು. ಮೂರು ಭಾನುವಾರ ಇಬ್ಬರೂ ಬೆವರು ಸುರಿಸಿ ಬೇಯಿಸಿದರು. ನಾನು ಸಾರಿನ ಪುಡಿ, ಮೆಂತ್ಯದ ಹಿಟ್ಟು, ಚಟ್ನಿಪುಡಿಯ ಡಬ್ಬಿಗಳನ್ನು ಹೊತ್ತುಕೊಂಡು ಹೋದರೆ, "ಅಮ್ಮಾ, ಇದನ್ನೆಲ್ಲ ಎಲ್ಲಿ ಇಡಲಿ? ನೀನು ಅಡುಗೆಯ ಯೋಚನೆ ಬಿಟ್ಟು ಆರಾಮಾಗಿ ಬಾ" ಎಂದಳು. ಡಬ್ಬಿಗಳು ಅಟ್ಟ ಸೇರಿದವು.

ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತದ ಮಳೆ ಸುರಿಯಿತಲ್ಲ, ನೆನಪಿದೆಯೇ? ವೇಳಚ್ಚೇರಿ, ಪಳ್ಳಿಕರಣೆ ಕಡೆ ದಿನಗಟ್ಟಲೆ ನೀರು ನಿಂತಿತು. ಮಗಳ ಮನೆಯಲ್ಲಿ ಮೂರು ದಿನ ಕರೆಂಟಿಲ್ಲ, ಲಿಫ್ಟಿಲ್ಲ, ಕೆಳಗೆ ಮೊಣಕಾಲು ಮುಳುಗುವ ನೀರು. ಹಾಲಿನ ಸರಬರಾಜು ಏರುಪೇರಾಗಿ ಪ್ಯಾಕೆಟ್ಟಿಗೆ ಪರದಾಟ. ಎರಡನೆಯ ದಿನಕ್ಕೆ ಫ್ರೀಜರ್ ಕರಗಿ, ಮೂರು ಭಾನುವಾರದ ಶ್ರಮವೆಲ್ಲ ಹುಳಿವಾಸನೆ ಬಂದು ಕಸದ ಚೀಲಕ್ಕೆ ಹೋಯಿತು. ತುಂಬು ಗರ್ಭಿಣಿ ಅಲ್ಲಿ, ನಾನು ಇಲ್ಲಿ ಟಿ. ನಗರದಲ್ಲಿ. ಒಮ್ಮೆ ಸಿಕ್ಕಿ ಒಮ್ಮೆ ಸಿಗದ ಫೋನು. ಆ ಎರಡು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ.

ಆಗ ಅಳಿಯಂದಿರು ಅಟ್ಟ ಹತ್ತಿದರು. ಗ್ಯಾಸ್ ಇತ್ತು, ಅಕ್ಕಿ ಇತ್ತು. ಫೋನಿನಲ್ಲಿ, "ಅತ್ತೆ, ಇದರಲ್ಲಿ ಮೆಂತ್ಯದ ಹಿಟ್ಟು ಯಾವುದು, ಸಾರಿನ ಪುಡಿ ಯಾವುದು?" ಎಂದು ಕೇಳಿದರು. ನಾನು ಚೀಟಿ ಅಂಟಿಸಿಯೇ ಕೊಟ್ಟಿದ್ದೆ. ಆದರೆ ಕನ್ನಡದಲ್ಲಿ! ಅವರಿಗೆ ಮನೆಮಾತು ಕನ್ನಡ, ಓದಲು ಬರುವುದು ತಮಿಳು, ಇಂಗ್ಲಿಷ್ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಉತ್ತರ ಹೇಳುವಷ್ಟರಲ್ಲಿ ಲೈನು ಕಡಿಯಿತು. ಮೂಸಿ ನೋಡಿ ಗುರುತು ಹಿಡಿದು ಮೆಣಸಿನ ಸಾರು ಮಾಡಿದರಂತೆ. ಮೂರು ದಿನ ಅನ್ನ ಸಾರು, ತುಪ್ಪ ಹಾಕಿ ಕಲಸಿದ ಮೆಂತ್ಯದ ಹಿಟ್ಟಿನನ್ನ, ಹೆಸರುಬೇಳೆ, ಹಾಲಿನ ಪುಡಿಯ ಹಾಲು. ಮಗು ತಿಂಗಳ ಕೊನೆಗೆ ಸುಖವಾಗಿ ಹುಟ್ಟಿತೆನ್ನಿ.

ನಮ್ಮ ಹಿರಿಯರ ಬಾಣಂತಿ ಅಡುಗೆಯೆಲ್ಲ ಒಣ ಸಾಮಾನಿನ ಅಡುಗೆ: ಪುಡಿ, ಹಿಟ್ಟು, ಉಂಡೆ, ಲೇಹ್ಯ. ಕರೆಂಟು ಬೇಡ, ಹತ್ತು ನಿಮಿಷದಲ್ಲಿ ಬಿಸಿ ಊಟ. 2015ರ ಡಿಸೆಂಬರಿನಲ್ಲೂ, 2023ರ ಡಿಸೆಂಬರಿನಲ್ಲೂ ಮುಳುಗಿದ ಊರಿನಲ್ಲಿ ಫ್ರೀಜರನ್ನೇ ನಂಬಿ ಕೂರುವುದು ಹೇಗೆ? ಫ್ರೀಜರ್ ಇರಲಿ, ಆದರೆ ಅದು ಎರಡನೆಯದು.

ಸಾರಿನ ಪುಡಿಯ ಅಳತೆ ಬರೆದುಕೊಳ್ಳಿ. ಧನಿಯ 1 ಕಪ್, ತೊಗರಿಬೇಳೆ ಅರ್ಧ ಕಪ್, ಮೆಣಸು ಮತ್ತು ಜೀರಿಗೆ ತಲಾ ಕಾಲು ಕಪ್, ಮೆಂತ್ಯ 1 ಚಮಚ, ಎರಡು ಹಿಡಿ ಒಣಗಿದ ಕರಿಬೇವು. ಒಂದೊಂದನ್ನೂ ಬೇರೆ ಬೇರೆ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಿರುವಾಗ ಮುಚ್ಚಿದರೆ ಈ ಊರಿನ ತೇವಕ್ಕೆ ವಾರದಲ್ಲಿ ಗಂಟು ಕಟ್ಟುತ್ತದೆ. ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಸಣ್ಣ ಬಾಟಲಿ ಮಾಡಿ, ಒದ್ದೆ ಚಮಚ ತಾಕಿದರೂ ಒಂದೇ ಕೆಡುತ್ತದೆ. ಕೊಬ್ಬರಿ, ಉತ್ತತ್ತಿ, ಅಂಟು ಹಾಕಿದ ಉಂಡೆಯನ್ನು ಮಾತ್ರ 15 ದಿನಕ್ಕಾಗುವಷ್ಟೇ ಮಾಡಿ. ಇಲ್ಲಿನ ಸೆಕೆಗೆ ಕೊಬ್ಬರಿ ಬೇಗ ಕಮಟುತ್ತದೆ.

ಸಾಮಾನು ಇಲ್ಲಿ ಸಿಗುವುದಿಲ್ಲ ಎನ್ನಬೇಡಿ. ಅಂಗಡಿಯಲ್ಲಿ ಹೆಸರು ಬೇರೆ, ಅಷ್ಟೆ. ಒಣಶುಂಠಿಗೆ ಸುಕ್ಕು, ಹಿಪ್ಪಲಿಗೆ ತಿಪ್ಪಿಲಿ, ಬಜೆಗೆ ವಸಂಬು. ಮೈಲಾಪುರದ ಕಚೇರಿ ರಸ್ತೆಯಲ್ಲಿ ನೂರು ವರ್ಷ ದಾಟಿದ ಡಬ್ಬಾ ಚೆಟ್ಟಿ ಅಂಗಡಿಯಲ್ಲಿ ಇವೆಲ್ಲದರ ಜೊತೆ ಬಾಣಂತಿಯರ ಲೇಹ್ಯವೂ ಸಿಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಲೇಹ್ಯಕ್ಕೆ ಕೈ ಹಾಕಬಾರದು. ಸಬ್ಬಸಿಗೆ ಸೊಪ್ಪು ಎಲ್ಲ ಕಡೆ ಸಿಗದು, ಸೊಪ್ಪಿನವಳಿಗೆ ಮೊದಲೇ ಹೇಳಿಡಬೇಕು.

ಹಿರಿಯರದ್ದೆಲ್ಲ ಸರಿ ಎಂದು ಮಾತ್ರ ನಾನು ಹೇಳಲಾರೆ. ನನ್ನ ಮೊದಲ ಹೆರಿಗೆ 1995ರ ಮೇ ತಿಂಗಳು, ಮದರಾಸಿನ ಕತ್ತರಿ ಬಿಸಿಲು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಮನೆಯವರು ದಿನಕ್ಕೆ ಎರಡು ಲೋಟ ಬಿಸಿನೀರು ಅಳೆದು ಕೊಡುತ್ತಿದ್ದರು. ಪ್ರೀತಿಯಿಂದಲೇ! ಒಂಬತ್ತನೆಯ ದಿನ ಬಚ್ಚಲಿನ ಬಾಗಿಲಲ್ಲಿ ತಲೆ ತಿರುಗಿ ಬಿದ್ದೆ. ಪುಣ್ಯಕ್ಕೆ ಕೈಯಲ್ಲಿ ಮಗುವಿರಲಿಲ್ಲ. ಡಾಕ್ಟರಮ್ಮ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದರು. ಹಾಲೂಡಿಸುವ ತಾಯಿಗೆ ಬಾಯಾರಿದಷ್ಟೂ ನೀರು ಬೇಕು. ಆದ್ದರಿಂದ ಕೂತು ಹಾಲೂಡಿಸುವ ಜಾಗದ ಪಕ್ಕದಲ್ಲೇ ಒಂದು ಫ್ಲಾಸ್ಕು, ಒಂದು ಲೋಟ ಇರಲೇಬೇಕು. ಕುಡಿಯುವ ನೀರಿನ ಕ್ಯಾನು ಒಂದು ಹೆಚ್ಚಿಗೆ ಇರಲಿ. ಮಗುವಿಗೆ ಮಾತ್ರ ಆರು ತಿಂಗಳವರೆಗೆ ಎದೆಹಾಲೊಂದೇ, ಬೇಸಿಗೆಯಲ್ಲೂ ನೀರು ಬೇಡ. ನಾಲಿಗೆಗೆ ಜೇನು ತೀಡುವ ಶಾಸ್ತ್ರವನ್ನೂ ಬಿಟ್ಟುಬಿಡಿ. ವರ್ಷ ತುಂಬುವವರೆಗೆ ಜೇನುತುಪ್ಪ ಮಗುವಿಗೆ ಅಪಾಯ.

ಬಾಣಂತಿಯ ಊಟ ಎಷ್ಟು? ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಸುಮಾರಾಗಿ ಎರಡು ಚಪಾತಿ, ಪಲ್ಯ, ಒಂದು ಲೋಟ ಹಾಲು, ಒಂದು ಉಂಡೆ. ಇದನ್ನು ಒಂದೇ ಹೊತ್ತಿಗೆ ತಿನ್ನಲಾಗದು, ಮಗು ಬಿಡುವುದೂ ಇಲ್ಲ. ವಾರದ ಏಳು ದಿನಕ್ಕೆ ಏಳು ತರಹದ ಪಟ್ಟಿ ಬರೆದು ಗೋಡೆಗೆ ಅಂಟಿಸುವವರನ್ನು ನೋಡಿದ್ದೇನೆ, ಮೂರನೆಯ ದಿನಕ್ಕೆ ಅದು ಗೋಡೆಯಲ್ಲೇ ಉಳಿಯುತ್ತದೆ. ಒಂದು ಸಾರು, ಒಂದು ಬೇಳೆ, ಒಂದು ಸೊಪ್ಪು ಅಥವಾ ತರಕಾರಿ ಎಂದಿಟ್ಟುಕೊಳ್ಳಿ, ಸಾಕು. ಒಂದು ಕೈಯಲ್ಲಿ ತಿನ್ನುವಂಥದ್ದು ಸದಾ ಹತ್ತಿರವಿರಲಿ.

ಡಬ್ಬಿಗಳು ಸೊಂಟದ ಎತ್ತರದ ಕಪಾಟಿನಲ್ಲಿರಲಿ. ಸಿಸೇರಿಯನ್ ಆದವಳು ಬಗ್ಗಿ ತೆಗೆಯಬಾರದು, ಮೇಲೆ ಹತ್ತಲೂ ಬಾರದು. ಚೀಟಿ ಎರಡು ಲಿಪಿಯಲ್ಲಿರಲಿ (ಅನುಭವದ ಮಾತು!). ಗ್ಯಾಸ್ ಸಿಲಿಂಡರ್ ಇನ್ನೊಂದು ತುಂಬಿದ್ದಿರಲಿ.

ಇನ್ನು ಕೈಗಳ ಲೆಕ್ಕ. 2017ರ ತಿದ್ದುಪಡಿಯ ನಂತರ ಕೆಲಸದಲ್ಲಿರುವ ತಾಯಿಗೆ 26 ವಾರ ರಜೆ ಉಂಟು. ತಂದೆಗೆ? ಕೇಂದ್ರ ಸರ್ಕಾರದ ನೌಕರನಾದರೆ 15 ದಿನ. ಖಾಸಗಿಯಲ್ಲಿ ಕಂಪನಿ ಕೊಟ್ಟಷ್ಟು. ಅಮ್ಮನೋ ಅತ್ತೆಯೋ ಬಂದಿರುವಾಗಲೇ ಆ ರಜೆಯನ್ನೂ ಮುಗಿಸಿಬಿಡುವವರೇ ಹೆಚ್ಚು. ಹಾಗೆ ಮಾಡಬೇಡಿ. ಹಿರಿಯರು ಊರಿಗೆ ಹೊರಟ ದಿನದಿಂದ ರಜೆ ಹಾಕಿ. ಅದಕ್ಕೆ ಮೊದಲೇ, ಎಂಟನೆಯ ತಿಂಗಳಲ್ಲಿ ಒಂದು ಭಾನುವಾರ ಹೆಂಡತಿಯನ್ನು ಹೊರಗೆ ಕೂರಿಸಿ, ಏನನ್ನೂ ಕೇಳದೆ ಅವಳಿಗೊಂದು ಊಟ ಬಡಿಸಿ ನೋಡಿ. ಉಪ್ಪು ಎಲ್ಲಿದೆ ಎಂದು ಕೂಗಿದರೆ ನಿಮ್ಮ ಅಡುಗೆಮನೆ ಇನ್ನೂ ಸಿದ್ಧವಾಗಿಲ್ಲ.

ಹೆರಿಗೆ ಮಳೆಗಾಲಕ್ಕೆ ಬೀಳುವುದಾದರೆ ಅಕ್ಟೋಬರ್ ಮೊದಲ ವಾರದೊಳಗೆ ಹಿಟ್ಟು, ಪುಡಿ ಬೀಸಿಸಿಡಿ. ದೀಪಾವಳಿ ಹತ್ತಿರವಾದರೆ ನಮ್ಮ ಬೀದಿಯ ಮಿಲ್ಲಿನಲ್ಲಿ ಮುರುಕ್ಕಿನ ಹಿಟ್ಟಿನವರ ಸಾಲು ಮೂಲೆಯವರೆಗೂ ನಿಂತಿರುತ್ತದೆ.