ಬೀಗದ ಕೈ ಯಾರ ಕೈಯಲ್ಲಿ?

ಪರಹಸ್ತಕ್ಕೆ ಕೊಡಬಾರದ ವಸ್ತುಗಳನ್ನು ಎಣಿಸುವ ಸಂಸ್ಕೃತ ಸುಭಾಷಿತವೊಂದುಂಟು. ಪಾಠಶಾಲೆಯಲ್ಲಿದ್ದಷ್ಟು ಕಾಲವೂ ನಾವು ಅದನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದೆವು. ಲೇಖನಿ, ಪುಸ್ತಕಗಳ ಸಾಲಿನಲ್ಲಿಯೇ ಹೆಂಡತಿಯನ್ನೂ ನಿಲ್ಲಿಸಿರುವ ಆ ಶ್ಲೋಕದ ಔಚಿತ್ಯವನ್ನು ಕುರಿತು ಅಂದು ನಾವು ಹೆಚ್ಚಾಗಿ ಯೋಚಿಸಿದವರಲ್ಲ. ಈಚೆಗೆ ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ, ನಮ್ಮ ಹಳೆಯ ಶಿಷ್ಯನ ಮನೆಯಲ್ಲಿ ನಡೆದ ಸಂಗತಿಯನ್ನು ಕಂಡ ಮೇಲೆ, ಹೆಂಡತಿಯ ಕೈಯೇ ಪರಹಸ್ತವೆನಿಸಿಕೊಳ್ಳುವ ಸಂದರ್ಭವೂ ಉಂಟೆಂಬುದು ನಮಗೆ ತಿಳಿಯಿತು.

ಈ ಶಿಷ್ಯನಿಗೆ ಈಗ ನಾಲ್ವತ್ತೈದರ ಪ್ರಾಯ. ಪಿತ್ರಾರ್ಜಿತವಾದ ಏಳು ಎಕರೆ ಜಮೀನು. ಹೊಗೆಸೊಪ್ಪು, ಅದರ ಹಿಂದೆ ರಾಗಿ, ಒಂದು ಮಗ್ಗುಲಿಗೆ ತೆಂಗು ಅಡಿಕೆ. ಅವನ ಪತ್ನಿಗೆ ತವರಿನ ಪಾಲಾಗಿ ಬಂದ ಎರಡು ಎಕರೆ ಬೇರೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಭಾಗವನ್ನು ಕೊಡುವ ತಿದ್ದುಪಡಿಯು ಕರ್ನಾಟಕದಲ್ಲಿ ೧೯೯೪ರಲ್ಲಿಯೇ ಜಾರಿಗೆ ಬಂದಿತು. ಇಡೀ ದೇಶಕ್ಕೆ ಬಂದುದು ೨೦೦೫ರಲ್ಲಿ. ಕಾನೂನು ಬಂದಿತೆಂದು ಅಣ್ಣತಮ್ಮಂದಿರ ಮುಂದೆ ಕೈಯೊಡ್ಡುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಮಂದಿಯಿಲ್ಲ. ಈಕೆಯ ತಂದೆ ಕೇಳುವುದಕ್ಕೆ ಮೊದಲೇ ಪಹಣಿ ಮಾಡಿಸಿಕೊಟ್ಟ ಪುಣ್ಯಾತ್ಮ.

ಕಳೆದ ವರ್ಷ ಶಿಷ್ಯನು ಹದಿನೆಂಟು ಅಶ್ವಶಕ್ತಿಯ ಕಿರಿಯ ಟ್ರ್ಯಾಕ್ಟರೊಂದನ್ನು ಕೊಂಡನು. ಅಡಿಕೆ ಸಾಲುಗಳ ನಡುವೆ ಸಲೀಸಾಗಿ ನುಸುಳುವ, ದೊಡ್ಡದರ ಮರಿಯಂತಿರುವ ಈ ಯಂತ್ರಗಳು ಈಗ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಕಾಣಸಿಗುತ್ತವೆ. ಕೃಷಿ ಯಾಂತ್ರೀಕರಣಕ್ಕೆಂದು ೨೦೧೪-೧೫ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ ಸಣ್ಣ ಹಿಡುವಳಿದಾರರಿಗೂ ಪರಿಶಿಷ್ಟ ವರ್ಗದವರಿಗೂ ಹೆಂಗಸರಿಗೂ ಸಹಾಯಧನದ ಪ್ರಮಾಣವನ್ನು ಇತರರಿಗಿಂತ ಹೆಚ್ಚಾಗಿ ಗೊತ್ತುಮಾಡಲಾಗಿತ್ತು. ಶಿಷ್ಯನ ಏಳು ಎಕರೆಯು ಎರಡು ಹೆಕ್ಟೇರನ್ನು ಮೀರಿದುದರಿಂದ ಅವನು ಸಣ್ಣ ರೈತನಲ್ಲ. ಪತ್ನಿಯಾದರೋ ಎರಡು ಎಕರೆಯ ಒಡತಿ. ಆದುದರಿಂದ ಅರ್ಜಿ ಆಕೆಯದು, ಪಹಣಿ ಆಕೆಯದು, ಬ್ಯಾಂಕಿನ ಸಾಲದ ಪತ್ರಕ್ಕೆ ಬಿದ್ದ ರುಜುವೂ ಆಕೆಯದು. ಮಾರಾಟದ ಅಂಗಡಿಯವರು ವಾಡಿಕೆಯಂತೆ ಒಂದು ಮೊಳ ಉದ್ದದ ರಟ್ಟಿನ ಬೀಗದ ಕೈಯನ್ನು ಆಕೆಯ ಕೈಗೆ ಕೊಟ್ಟು, ಹಾರ ಹಾಕಿ, ಗಂಡಹೆಂಡಿರ ಭಾವಚಿತ್ರವನ್ನು ತೆಗೆದರು. ನಿಜವಾದ ಬೀಗದ ಕೈಗಳೆರಡೂ ಗಂಡನ ಜೇಬಿಗೆ ಹೋದವು.

ಮನೆಯ ಮುಂದೆ ಪೂಜೆಯಾಯಿತು. ಆಕೆ ಅರಿಸಿನ ಕುಂಕುಮವಿಟ್ಟು ಆರತಿಯೆತ್ತಿದಳು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಯ ಹಣ್ಣುಗಳನ್ನಿಟ್ಟವಳೂ ಆಕೆಯೇ. ಅವುಗಳ ಮೇಲೆ ಹಾಯಿಸಿದವನು ಅವನು. ಅಲ್ಲಿಂದ ಮುಂದೆ ಆ ಆಸನವನ್ನು ಒರಸುವುದಕ್ಕಲ್ಲದೆ ಕುಳಿತುಕೊಳ್ಳುವುದಕ್ಕೆ ಆಕೆಗೆ ಅವಕಾಶವಾಗಲಿಲ್ಲ.

ಇದನ್ನು ಬರಿಯ ಜಿಪುಣತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎತ್ತುಗಳಿದ್ದ ಕಾಲವನ್ನು ಸ್ವಲ್ಪ ನೆನೆಯಬೇಕು. ಸಂಕ್ರಾಂತಿಯ ಸುಮಾರಿಗೆ ಸೇರುವ ಚುಂಚನಕಟ್ಟೆಯ ದನದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯನ್ನು ಆರಿಸುವವನು, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವನು ಗಂಡಸು. ಜೋಡಿ ಹಟ್ಟಿಗೆ ಬಂದುದೇ ತಡ, ಅದು ಹೆಂಗಸಿನ ವಶ. ಹುಲ್ಲು ಹಾಕುವುದು, ಹುರುಳಿ ಬೇಯಿಸುವುದು, ಕಲಗಚ್ಚು ಕಲಸುವುದು, ಕೊಟ್ಟಿಗೆಯ ಗಂಜಲ ಬಾಚುವುದು ಎಲ್ಲವೂ ಆಕೆಯ ಪಾಲು. ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿದರೆ ಮೊದಲು ಅರಿಯುತ್ತಿದ್ದವಳು ಆಕೆಯೇ. ಗಂಡ ಅರಿಯುತ್ತಿದ್ದುದು ಮಾರನೆಯ ದಿನ, ನೊಗ ಕಟ್ಟುವಾಗ. ನೇಗಿಲ ಮೇಣಿಯನ್ನು ಹೆಂಗಸು ಮುಟ್ಟಕೂಡದೆಂಬ ಕಟ್ಟು ನಮ್ಮ ದೇಶದ ಎಷ್ಟೋ ಕಡೆಗಳಲ್ಲಿದ್ದಿತು. ಯುಗಾದಿಯ ಹೊನ್ನಾರಿನಲ್ಲಿ ಆಕೆಯ ಕೆಲಸ ಪೂಜೆಗೆ ಅಣಿಮಾಡುವುದಷ್ಟೆ. ಆದರೂ ಎತ್ತು ಯಾರದೆಂದು ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಉಳುಮೆಯ ಅರ್ಧ ಹೊಲದಲ್ಲಿಯೂ ಅರ್ಧ ಕೊಟ್ಟಿಗೆಯಲ್ಲಿಯೂ ಇದ್ದಿತು. ಟ್ರ್ಯಾಕ್ಟರು ಹುಲ್ಲು ತಿನ್ನುವುದಿಲ್ಲ. ಕೊಟ್ಟಿಗೆಯ ಅರ್ಧವನ್ನು ಅದು ಸದ್ದಿಲ್ಲದೆ ಅಳಿಸಿಬಿಟ್ಟಿತು. ಹೊಲದ ಅರ್ಧವು ಹಿಂದಿನಂತೆಯೇ ಗಂಡಸಿನ ಬಳಿ ನಿಂತಿತು.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆವು. ಸಂಸ್ಕೃತದಲ್ಲಿ ಸೀತಾ ಎಂದರೆ ನೇಗಿಲು ಗೀರಿದ ಸಾಲು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ವ್ಯವಸಾಯದ ಅಧಿಕಾರಿಯನ್ನು ಸೀತಾಧ್ಯಕ್ಷನೆಂದೇ ಕರೆದಿರುವನು. ಉತ್ತ ಸಾಲಿಗೆ ಹೆಣ್ಣಿನ ಹೆಸರನ್ನಿಟ್ಟವರು, ಆ ಸಾಲನ್ನು ಗೀರುವ ಸಾಧನವನ್ನು ಮಾತ್ರ ಹೆಣ್ಣಿನಿಂದ ದೂರವಿಟ್ಟರು.

ಕೃಷ್ಣರಾಜನಗರದ ಚಾಮರಾಜ ನಾಲೆ, ಮಿರ್ಲೆ ನಾಲೆಗಳ ಬಯಲಿಗೆ ನಾಟಿಯ ಕಾಲದಲ್ಲಿ ಹೋಗಿ ನೋಡಬೇಕು. ಕಬ್ಬಿಣದ ಪಂಜರಚಕ್ರವನ್ನು ತೊಟ್ಟ ಟ್ರ್ಯಾಕ್ಟರಿನ ಮೇಲೆ ಗಂಡಸು ಕುಳಿತು ಕೆಸರು ಮಾಡುತ್ತಿರುವನು. ಹಿಂದೆ ಬಗ್ಗಿ ಪೈರು ನೆಡುವ ಸಾಲಿನಲ್ಲಿ ಹೆಂಗಸರು. ಕೋಟೆಯ ಕಡೆ ಹತ್ತಿ ಬಿಡಿಸುವವರೂ, ಹುಣಸೂರಿನ ಕಡೆ ಹೊಗೆಸೊಪ್ಪಿನ ಎಲೆಗಳನ್ನು ಕೋಲಿಗೆ ಕಟ್ಟಿ ಬ್ಯಾರನ್ನಿಗೆ ಅಣಿಮಾಡುವವರೂ ಬಹುಮಟ್ಟಿಗೆ ಅವರೇ. ದೇಶದ ಗ್ರಾಮಾಂತರದಲ್ಲಿ ದುಡಿಯುವ ಹೆಂಗಸರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ವ್ಯವಸಾಯದಲ್ಲಿಯೇ ಇರುವರು. ಆದರೆ ೨೦೧೫-೧೬ರ ಕೃಷಿಗಣತಿಯಲ್ಲಿ ಹಿಡುವಳಿದಾರರೆಂದು ಲೆಕ್ಕಕ್ಕೆ ಬಂದ ಹೆಂಗಸರು ನೂರಕ್ಕೆ ಸುಮಾರು ೧೪. ಬೆನ್ನು ಬಗ್ಗಬೇಕಾದ ಕೆಲಸ ಆಕೆಗೆ, ಬೆನ್ನಿಗೆ ಒರಗಿರುವ ಕೆಲಸ ಈತನಿಗೆ.

ನಾವು ಒಂದು ಸಂಜೆ ಶಿಷ್ಯನನ್ನು ಜಗುಲಿಯಲ್ಲಿ ಕೂರಿಸಿಕೊಂಡು ಕೇಳಿದೆವು. “ಹೆಣ್ಣಿನ ರಟ್ಟೆಗೆ ಆಗೋದಿಲ್ಲ ಮೇಷ್ಟ್ರೇ” ಎಂಬುದು ಅವನ ಮೊದಲನೆಯ ಉತ್ತರ. ಪವರ್ ಟಿಲ್ಲರಿನ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ಅರ್ಥವಿದ್ದಿತು. ಜಪಾನಿನ ಮಿತ್ಸುಬಿಷಿಯವರ ಸಹಕಾರದಿಂದ ೧೯೬೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ. ಎಸ್. ಟಿ. ಸಂಸ್ಥೆಯ ಟಿಲ್ಲರುಗಳನ್ನು ನಮ್ಮ ರೈತರು ಬಲ್ಲರು. ಅದರ ಹಿಂದೆ ಕೆಸರಿನಲ್ಲಿ ನಡೆದು ತಿರುವಿನಲ್ಲಿ ಹಿಡಿಯನ್ನು ಎಳೆಯುವುದಕ್ಕೆ ತೋಳಿನ ಬಲವೇ ಬೇಕು. ಕಿರಿಯ ಟ್ರ್ಯಾಕ್ಟರಿನಲ್ಲಾದರೋ ನೇಗಿಲನ್ನು ಎತ್ತಿ ಇಳಿಸುವುದು ಎಣ್ಣೆಯ ಒತ್ತಡ, ತೋಳಲ್ಲ. ಮೂರು ಕೊಂಡಿಗಳಿಂದ ನೇಗಿಲನ್ನು ಯಂತ್ರಕ್ಕೆ ತೊಡಿಸುವ ಈ ಉಪಾಯ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬವನದು. ೧೯೩೯ರಲ್ಲಿ ಅವನೂ ಹೆನ್ರಿ ಫೋರ್ಡನೂ ಕೂಡಿ ಅಮೆರಿಕೆಯ ಡಿಯರ್‌ಬಾರ್ನಿನಲ್ಲಿ ಹೊಸ ಟ್ರ್ಯಾಕ್ಟರನ್ನು ಪ್ರದರ್ಶಿಸಿದಾಗ ಎಂಟು ವರ್ಷದ ಬಾಲಕನೊಬ್ಬನಿಂದ ಉಳಿಸಿ ತೋರಿಸಿದರು. ಇದನ್ನು ಹೇಳಿದಾಗ ಶಿಷ್ಯನು, “ಆ ಮಗು ಅವರ ಊರಿನದು” ಎಂದುಬಿಟ್ಟನು. ಇದಕ್ಕೆ ಪ್ರತ್ಯುತ್ತರವನ್ನು ನಾವು ಯಾವ ತರ್ಕಗ್ರಂಥದಲ್ಲಿಯೂ ಓದಿರಲಿಲ್ಲ.

ಅವನ ಎರಡನೆಯ ಉತ್ತರ ಅಪಾಯ. ಇದು ಪೊಳ್ಳಲ್ಲ. ಕಿರಿದಾದುದೆಂದು ಟ್ರ್ಯಾಕ್ಟರನ್ನು ಆಟಿಕೆಯೆಂದೆಣಿಸಬಾರದು. ಬದುವಿನ ಓರೆಯಲ್ಲಿ ಒಂದು ಚಕ್ರ ಏರಿದರೆ ಮಗುಚಿ ಬೀಳಬಹುದು. ಹಿಂದೆ ತಿರುಗುವ ಶಕ್ತಿದಂಡಕ್ಕೆ ಸೀರೆಯ ಸೆರಗಾಗಲಿ ಪಂಚೆಯ ತುದಿಯಾಗಲಿ ಸಿಕ್ಕಿತೆಂದರೆ ಕ್ಷಣಮಾತ್ರದಲ್ಲಿ ಅನಾಹುತ. ಆ ದಂಡದ ಕವಚವನ್ನು ಕಳಚಿಡಕೂಡದು; ಇಂಜಿನು ನಿಲ್ಲದೆ ಹಿಂದಕ್ಕೆ ಹೋಗಕೂಡದು. ಎಡಬಲ ಚಕ್ರಗಳಿಗೆ ಬೇರೆಬೇರೆ ತಡೆಗಳಿರುವುದು ಹೊಲದಲ್ಲಿ ತಿರುಗಿಸುವುದಕ್ಕಾಗಿ. ರಸ್ತೆಗೆ ಬರುವ ಮುನ್ನ ಎರಡನ್ನೂ ಕೊಂಡಿಯಿಂದ ಜೋಡಿಸಲೇಬೇಕು, ಇಲ್ಲವಾದರೆ ವೇಗದಲ್ಲಿ ಒಂದೇ ಪಕ್ಕ ಹಿಡಿದು ಯಂತ್ರ ಉರುಳುವುದು. ಮಕ್ಕಳನ್ನು ಚಕ್ರದ ರೆಕ್ಕೆಯ ಮೇಲೆ ಕೂರಿಸುವ ಚಾಳಿಯಂತೂ ಬಿಡಲೇಬೇಕಾದುದು. ಆದರೆ ಈ ಎಚ್ಚರಗಳಲ್ಲಿ ಹೆಣ್ಣಿಗೊಂದು ಗಂಡಿಗೊಂದು ಎಂಬುದು ಯಾವುದಿದೆ? ಸೆರಗನ್ನು ಬಿಗಿದು, ಮೇಲೊಂದು ಅಂಗಿ ತೊಟ್ಟರೆ ಮುಗಿಯಿತು.

ಮೂರನೆಯದಾಗಿ ಅವನು, “ಕ್ಲಚ್ಚು ಒಂದೇ ಕಾಲಿಗೆ ಪಳಗಬೇಕು” ಎಂದನು. ಇಲ್ಲಿ ನಾವು ನಾಚಿ ಸುಮ್ಮನಾಗಬೇಕಾಯಿತು. ಮಸಿ ತುಂಬುವ ಲೇಖನಿಯ ಮೊನೆಯು ಒಂದೇ ಕೈಯ ಓರೆಗೆ ಸವೆಯಬೇಕೆಂದು ಹೇಳಿ, ಮೂವತ್ತು ವರ್ಷ ನಮ್ಮ ಮನೆಯಾಕೆಗೆ ಅದನ್ನು ಮುಟ್ಟಗೊಡಿಸದವರು ನಾವು. ಹಾಲಿನ ಲೆಕ್ಕವನ್ನು ಅವರು ಮೊಂಡು ಸೀಸದ ಕಡ್ಡಿಯಲ್ಲಿ ಬರೆದುಕೊಂಡರು. ದಂಪತಿ ಎಂಬ ಶಬ್ದದಲ್ಲಿ ದಮ್ ಎಂದರೆ ಮನೆಯೆಂದೂ, ವೇದದಲ್ಲಿ ಅದರ ದ್ವಿವಚನವು ಮನೆಯ ಒಡೆಯರಿಬ್ಬರು ಎಂದೇ ಅರ್ಥಕೊಡುವುದೆಂದೂ ತರಗತಿಯಲ್ಲಿ ವಿವರಿಸುತ್ತಿದ್ದುದು ಅದೇ ಲೇಖನಿಯನ್ನು ಜೇಬಿನಲ್ಲಿಟ್ಟುಕೊಂಡು.

ಕತ್ತಲಾದ ಮೇಲೆ, ನಾವು ಹೊರಡುವ ಹೊತ್ತಿಗೆ, ಶಿಷ್ಯನು ಅರ್ಧ ನಗುತ್ತ ನಾಲ್ಕನೆಯ ಉತ್ತರವನ್ನು ಕೊಟ್ಟನು. “ಮಕ್ಕಳು ಮೈಸೂರು ಸೇರಿದರು. ಲೆಕ್ಕ ಅವಳೇ ಬರೆಯುತ್ತಾಳೆ, ಬ್ಯಾಂಕಿಗೂ ಅವಳೇ ಹೋಗುತ್ತಾಳೆ. ಇದನ್ನೂ ಕಲಿತುಬಿಟ್ಟರೆ ಈ ಮನೆಗೆ ನಾನು ಯಾತಕ್ಕೆ ಬೇಕು ಮೇಷ್ಟ್ರೇ?” ಮೊದಲಿನ ಮೂರು ಉತ್ತರಗಳು ಬಾಯಿಂದ ಬಂದವು, ಇದು ಮಾತ್ರ ಒಳಗಿನಿಂದ ಬಂದುದು.

ಈ ವರ್ಷ ಭರಣಿಯ ಮಳೆಯು ಒಂದು ರಾತ್ರಿ ಚೆನ್ನಾಗಿ ಹುಯ್ಯಿತು. ಆ ವೇಳೆಗೆ ಅವನು ತಾಯಿಯ ಕಾಯಿಲೆಗೆಂದು ಮೈಸೂರಿನ ಆಸ್ಪತ್ರೆಯಲ್ಲಿದ್ದನು. ಬೀಗದ ಕೈಗಳೆರಡೂ ಅವನ ಜೇಬಿನಲ್ಲಿಯೇ. ಆ ಕಡೆಯ ಕೆಂಪು ಭೂಮಿಯಲ್ಲಿ ಮಳೆಯ ಹದ ನಿಲ್ಲುವುದು ಮೂರು ನಾಲ್ಕು ದಿನ. ಬಿಸಿಲು ಕಾದರೆ ಅಷ್ಟೂ ಇಲ್ಲ. ಹೊಗೆಸೊಪ್ಪಿನ ಸಸಿಗಳು ಮಡಿಯಲ್ಲಿ ಬೆಳೆಯುತ್ತಿದ್ದವು. ಮೇ ಜೂನಿನಲ್ಲಿ ನಾಟಿಯಾಗಬೇಕಾದರೆ ಈಗಲೇ ಉತ್ತಿರಬೇಕು. ಆಕೆ ದೂರವಾಣಿಯಲ್ಲಿ ಕೇಳಿದಳು. ನಾಳೆ ಬರುವೆನೆಂದನು. ತಾಯಿಯನ್ನು ಬಿಟ್ಟು ಬರುವಂತಿರಲಿಲ್ಲ, ಅವನದೂ ತಪ್ಪೆನ್ನಲಾಗದು. ಹದವು ಎಲ್ಲರಿಗೂ ಒಂದೇ ದಿನ ಬರುವುದರಿಂದ ಊರಿನ ಬಾಡಿಗೆಯ ಟ್ರ್ಯಾಕ್ಟರುಗಳೆಲ್ಲ ಮೊದಲೇ ಗೊತ್ತಾಗಿದ್ದವು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರದಲ್ಲಿ ಹೆಸರು ಬರೆಯಿಸಿದ ಆಕೆಗೆ ಸರದಿ ಬಂದುದು ಐದನೆಯ ದಿನ. ಅಷ್ಟರಲ್ಲಿ ನೆಲ ಬಿಗಿದು, ನೇಗಿಲು ತಗುಲಿದಲ್ಲೆಲ್ಲ ಹೆಂಟೆಯೇ ಎದ್ದಿತು. ಕೆಟ್ಟುದರಲ್ಲಿ ಆಕೆಯ ತಂದೆ ಕೊಟ್ಟ ಎರಡು ಎಕರೆಯೂ ಸೇರಿದ್ದಿತು. ನಾಲ್ಕೈದು ಲಕ್ಷದ ಟ್ರ್ಯಾಕ್ಟರು ಆ ಐದು ದಿನವೂ ಕೊಟ್ಟಿಗೆಯಲ್ಲಿ, ಹಿಂದೆ ಎತ್ತುಗಳನ್ನು ಕಟ್ಟುತ್ತಿದ್ದ ಜಾಗದಲ್ಲಿ, ಹೊದಿಕೆ ಹೊದ್ದು ನಿಂತಿದ್ದಿತು.

ಊರಿಗೆ ಬಂದವನು, ಮನೆಯಲ್ಲಿ ಟ್ರ್ಯಾಕ್ಟರಿರುವಾಗ ಬಾಡಿಗೆ ಕೊಡುವುದೆ ಎಂದು ಕೂಗಾಡಿದನಂತೆ. ಆಕೆ ಏನೂ ಆಡಲಿಲ್ಲ. ನಡುಮನೆಯ ಗೋಡೆಯಲ್ಲಿದ್ದ ಆ ರಟ್ಟಿನ ಬೀಗದ ಕೈಯ ಭಾವಚಿತ್ರವನ್ನು ಕಳಚಿ, ಸೆರಗಿನಿಂದ ಒರಸಿ, ಕೊಟ್ಟಿಗೆಗೆ ಕೊಂಡುಹೋಗಿ ಟ್ರ್ಯಾಕ್ಟರಿನ ಆಸನದ ಮೇಲಿಟ್ಟು ಬಂದಳು. ಎರಡು ದಿನ ಅದು ಅಲ್ಲಿಯೇ ಇದ್ದಿತು. ಇದನ್ನು ನಮಗೆ ಹೇಳಿದವನು ಶಿಷ್ಯನೇ. ಹೇಳುವಾಗ ಅವನು ನಮ್ಮ ಮುಖವನ್ನು ನೋಡಲಿಲ್ಲ.

ಮುಂದೆ ಕಲಿಕೆ ಮೊದಲಾಯಿತು. ಗಂಡನು ಹೆಂಡತಿಗೆ ವಾಹನವನ್ನು ಕಲಿಸುವ ಪದ್ಧತಿಯನ್ನು ಉಪಾಧ್ಯಾಯ ವೃತ್ತಿಯಲ್ಲಿ ಬಾಳು ಸವೆಸಿದ ನಾವು ಎಂದಿಗೂ ಅನುಮೋದಿಸಲಾರೆವು; ಕಲಿಸುವುದಕ್ಕಿಂತ ಕೂಗುವುದೇ ಹೆಚ್ಚಾಗುವುದು. ನಮ್ಮ ಸಲಹೆಯಂತೆ ಆಕೆಯ ತವರಿನ ತಮ್ಮನನ್ನು ಕರೆಸಲಾಯಿತು. ಆಕೆಗೆ ಸ್ಕೂಟರಿನ ಪರವಾನಗಿಯಿದ್ದಿತು. ಆದರೆ ರಸ್ತೆಯಲ್ಲಿ ಟ್ರ್ಯಾಕ್ಟರು ನಡೆಸಲು ಅದು ಸಾಲದು, ಲಘು ಮೋಟಾರು ವಾಹನದ ಪರವಾನಗಿ ಬೇಕು. ಅದಿಲ್ಲದೆ ಅಪಘಾತವಾದರೆ ವಿಮೆಯವರು ತಗಾದೆ ತೆಗೆಯುವರು. ಹೊಲ ಸ್ವಂತದ್ದಾದರೂ ಹೊಲಕ್ಕೆ ಹೋಗುವ ದಾರಿ ಸರ್ಕಾರದ್ದಷ್ಟೆ.

ಊರಿನವರು ನಕ್ಕರೆಂದು ಬೇರೆ ಹೇಳಬೇಕಾಗಿಲ್ಲ. ೧೯೩೩ರಲ್ಲಿ ಪಾಶಾ ಆಂಜೆಲಿನಾ ಎಂಬ ಯುವತಿ ಸೋವಿಯತ್ ದೇಶದಲ್ಲಿ ಹೆಂಗಸರದೇ ಒಂದು ಟ್ರ್ಯಾಕ್ಟರು ತಂಡವನ್ನು ಕಟ್ಟಿದಳು. ಗಂಡಸರು ಯುದ್ಧಕ್ಕೆ ಹೋದ ಕಾಲದಲ್ಲಿ ಇಂಗ್ಲೆಂಡಿನ ಹೊಲಗಳನ್ನು ಭೂಸೇನೆಯ ಹೆಂಗಸರು ಉತ್ತರು. ಇವನ್ನೆಲ್ಲ ಊರ ಕಟ್ಟೆಯಲ್ಲಿ ಹೇಳಿದಾಗ ವೃದ್ಧರೊಬ್ಬರು, “ಅಲ್ಲಿ ಗಂಡಸರಿರಲಿಲ್ಲ, ಇಲ್ಲಿ ಇದ್ದೇವಲ್ಲ” ಎಂದರು. ಆ ದಿನ ಹದ ಕೆಟ್ಟಾಗ ಎಲ್ಲಿದ್ದಿರೆಂದು ಕೇಳುವ ಮನಸ್ಸಾದರೂ ವಯಸ್ಸಿಗೆ ಮರ್ಯಾದೆ ಕೊಟ್ಟು ಬಿಟ್ಟೆವು.

ಕಳೆದ ವಾರ ಮತ್ತೆ ಹೋಗಿದ್ದೆವು. ಎರಡನೆಯ ಬೀಗದ ಕೈ ಅಡಿಗೆಮನೆಯ ಬಾಗಿಲಿನ ಪಕ್ಕದಲ್ಲಿ, ಪಂಚಾಂಗದ ಮೊಳೆಗೆ ತೂಗುಬಿದ್ದಿದ್ದಿತು. ನಾವು ಒಳಹೊಕ್ಕಾಗ ಮಾತ್ರ ಮೊಳೆ ಬರಿದಾಗಿದ್ದು, ಬೀಗದ ಕೈಯ ಎಣ್ಣೆಯ ಕಲೆ ಗೋಡೆಯ ಮೇಲಿದ್ದಿತು. ತೋಟದ ಕಡೆಯಿಂದ ಸದ್ದು ಕೇಳಿಸಿತು. ಅಡಿಕೆ ಸಾಲುಗಳ ನಡುವೆ ಆಕೆ ನಿಧಾನವಾಗಿ, ಸ್ವಲ್ಪ ಸೊಟ್ಟಗೆ, ಉಳುತ್ತಿದ್ದಳು. ಶಿಷ್ಯನು ಬದುವಿನ ಮೇಲೆ ನಿಂತು ಎರಡು ಕೈಗಳನ್ನೂ ಎತ್ತಿ ಏನನ್ನೋ ಗಟ್ಟಿಯಾಗಿ ಕೂಗುತ್ತಿದ್ದನು. ಇಂಜಿನಿನ ಶಬ್ದದಲ್ಲಿ ಆಕೆಗೆ ಅದು ಕೇಳಿಸುತ್ತಿರಲಿಲ್ಲ.