ಗಲ್ಲಿಗೇರದ ರಾಣಿ

ಸಿಂಹಾಸನ ಕಳೆದುಕೊಂಡ ರಾಣಿಯರನ್ನು ವಧಾಸ್ಥಾನಕ್ಕೆ ಕಳುಹಿದ ಉದಾಹರಣೆಗಳು ಪಶ್ಚಿಮದ ಇತಿಹಾಸದಲ್ಲಿ ಉಂಟು. 1587ರಲ್ಲಿ ಸ್ಕಾಟ್ಲೆಂಡಿನ ಮೇರಿ ಕೊಡಲಿಗೆ ತಲೆಯೊಡ್ಡಿದಳು. 1793ರಲ್ಲಿ ಫ್ರಾನ್ಸಿನ ಮಾರಿ ಆಂಟೊನೆಟ್ ಗಿಲೊಟಿನ್ ಯಂತ್ರಕ್ಕೆ ಬಲಿಯಾದಳು. ಕನ್ನಡ ನಾಡಿನ ಕಿತ್ತೂರ ಚೆನ್ನಮ್ಮನಿಗೆ ಅಂತಹ ಮರಣವೂ ದೊರೆಯಲಿಲ್ಲ. ಆಕೆಗೆ ದೊರೆತದ್ದು ನಾಲ್ಕು ವರ್ಷಕ್ಕೂ ಮಿಕ್ಕಿದ ಸೆರೆವಾಸ.

ಕಾಕತಿಯ ದೇಸಾಯರ ಮಗಳಾದ ಚೆನ್ನಮ್ಮ ಕಿತ್ತೂರಿನ ದೊರೆ ಮಲ್ಲಸರ್ಜನ ಕಿರಿಯ ರಾಣಿ. ಪೇಶ್ವೆಯ ಪ್ರಭುತ್ವ 1818ರಲ್ಲಿ ಅಳಿದು ಧಾರವಾಡ ಸೀಮೆ ಕಂಪನಿಯ ಕೈಸೇರಿದಾಗ, ಕಿತ್ತೂರು ತನ್ನ ಅರಮನೆ, ಕೋಟೆಗಳೊಡನೆ ಅದರ ಅಧೀನ ಸಂಸ್ಥಾನವಾಗಿ ಉಳಿಯಿತು. 1824ರ ಸೆಪ್ಟೆಂಬರಿನಲ್ಲಿ ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ನಿಸ್ಸಂತಾನನಾಗಿ ತೀರಿಕೊಂಡನು. ಆತ ದತ್ತು ಪಡೆದಿದ್ದ ಬಾಲಕನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಪತ್ರದ ಮೇಲಿನ ಸಹಿಯನ್ನೇ ಶಂಕಿಸಿ, ಬೊಕ್ಕಸಕ್ಕೆ ಮುದ್ರೆಯೊತ್ತಿಸಿದನು. ಡಾಲ್‌ಹೌಸಿ ದತ್ತಕವನ್ನು ನಿರಾಕರಿಸಿ ರಾಜ್ಯಗಳನ್ನು ನುಂಗಿದ್ದು ಇದಾದ ಎರಡು ದಶಕಗಳ ಮೇಲೆ!

ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಬಾಗಿಲಿಗೆ ತೋಪುಗಳನ್ನು ತಂದು ನಿಲ್ಲಿಸಿದನು. ಬಾಗಿಲು ತಟ್ಟನೆ ತೆರೆಯಿತು. ಕಿತ್ತೂರಿನ ಪಡೆ ಹೊರನುಗ್ಗಿತು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಉರುಳಿದನು. ಸೆರೆಸಿಕ್ಕ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಅಧಿಕಾರಿಗಳನ್ನು ಕಿತ್ತೂರು ಕೊಲ್ಲಲಿಲ್ಲ. ಡಿಸೆಂಬರಿನ ಆರಂಭದಲ್ಲಿ ಬಿಟ್ಟುಕೊಟ್ಟಿತು. ಈ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಸಂಗ್ರಹಿಸಿದ ವಿದ್ವಾಂಸ. ರಾಣಿಯ ಔದಾರ್ಯದ ಫಲವನ್ನು ಕನ್ನಡದ ಇತಿಹಾಸಕಾರರು ಇಂದಿಗೂ ಉಣ್ಣುತ್ತಿದ್ದಾರೆ.

ಆ ಔದಾರ್ಯಕ್ಕೆ ಪ್ರತಿಫಲವಾಗಿ ಬಂದದ್ದು ಮುತ್ತಿಗೆ. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಈ ಕಾಳಗದಲ್ಲಿ ಮಡಿದನಾದರೂ ಡಿಸೆಂಬರ್ 5ರಂದು ಕೋಟೆ ಬಿದ್ದಿತು. ರಾಣಿ ಸೆರೆಯಾಗಿ ಬೈಲಹೊಂಗಲಕ್ಕೆ ಒಯ್ಯಲ್ಪಟ್ಟಳು. ಅರಮನೆಯ ಒಡತಿ ಅನ್ಯರ ಕಾವಲಿನಲ್ಲಿ ದಿನಗಳನ್ನೆಣಿಸಿ, 1829ರ ಫೆಬ್ರುವರಿಯಲ್ಲಿ ಕಣ್ಣುಮುಚ್ಚಿದಳು. ಆಕೆಯ ಸಮಾಧಿ ಆ ಊರಿನಲ್ಲಿಯೇ ಇದೆ.

ರಾಣಿಗೆ ತಪ್ಪಿದ ನೇಣು ಆಕೆಯ ಬಂಟನನ್ನು ತಪ್ಪಲಿಲ್ಲ. ಸಂಗೊಳ್ಳಿಯ ರಾಯಣ್ಣ ಅದೇ ದತ್ತುಪುತ್ರನನ್ನು ಮತ್ತೆ ಪಟ್ಟಕ್ಕೇರಿಸುವ ಛಲತೊಟ್ಟು, ಕಾಡಿನ ಮರೆಯಿಂದ ಕಂಪನಿಯ ಕಚೇರಿಗಳ ಮೇಲೆ ಎರಗಿದನು. ಕಂದಾಯದ ದಫ್ತರಗಳಿಗೆ ಬೆಂಕಿಯಿಟ್ಟನು. ಕೊನೆಗೆ ನಮ್ಮವರೇ ಆತನನ್ನು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು.

ಅದೇ ಜನವರಿ 26 ಇಂದು ಗಣರಾಜ್ಯದ ಹಬ್ಬದ ದಿನ. 2007ರಲ್ಲಿ ಚೆನ್ನಮ್ಮನ ಪ್ರತಿಮೆ ದೆಹಲಿಯ ಸಂಸತ್ ಭವನದ ಆವರಣದಲ್ಲಿ ಅನಾವರಣಗೊಂಡಿತು. ಕಂಪನಿ ಅಂದು ಮುದ್ರೆಯೊತ್ತಿದ್ದು ಬೊಕ್ಕಸದ ಬಾಗಿಲಿಗೆ. ಜನರ ನಾಲಗೆಗೆ ಮುದ್ರೆಯೊತ್ತುವುದು ಅದರ ಕೈಯಿಂದ ಆಗಲಿಲ್ಲ. ನಂದಗಡದಲ್ಲಿ ರಾಯಣ್ಣನ ಸಮಾಧಿಗೆ ಜನ ಇಂದಿಗೂ ಕೈಮುಗಿಯುತ್ತಾರೆ.