ಗಾಲಿಗೆ ಮೆತ್ತಿದ ಮಸಿ

ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಗೆಳೆಯನೊಬ್ಬ ತನ್ನ ಜರ್ಮನ್ ಕಾರಿನ ಮುಂದೆ ಬಕೆಟ್ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂರುತ್ತಾನೆ. ಬಾನೆಟ್ಟು, ಬಾಗಿಲು, ಗಾಜು ಎಲ್ಲ ಹತ್ತು ನಿಮಿಷದ ಕೆಲಸ. ಉಳಿದ ಒಂದು ಗಂಟೆ ಮುಂದಿನ ಎರಡು ಗಾಲಿಗಳಿಗೆ ಮೀಸಲು. ಬೆಳ್ಳಿ ಬಣ್ಣದ ಅಲಾಯ್ ಮೇಲೆ ಒಲೆಯ ಮಸಿಯಂಥ ಪುಡಿ ಕೂತಿರುತ್ತದೆ. ಪಕ್ಕದ ಮನೆಯ ಜಪಾನಿ ಕಾರು ಅದೇ ಬೀದಿಯಲ್ಲಿ, ಅದೇ ಟ್ರಾಫಿಕ್ಕಿನಲ್ಲಿ ಓಡಿಯೂ ಫಳಫಳ ಎನ್ನುತ್ತಿರುತ್ತದೆ. "ಇಷ್ಟು ದುಡ್ಡು ಸುರಿದವನಿಗೆ ಈ ಶಿಕ್ಷೆ ಯಾಕೋ ಮಾರಾಯ?" ಎಂದು ಅವನು ಕೇಳಿದಾಗ ನಕ್ಕು ಸುಮ್ಮನಾಗಿದ್ದೆ. ಆಮೇಲೆ ಹುಡುಕುತ್ತ ಹೋದರೆ ಉತ್ತರ ಶುರುವಾಗುವುದು ಒಂದು ಚಪ್ಪಲಿ ಅಂಗಡಿಯಲ್ಲಿ.

1888ರ ಆಗಸ್ಟ್. ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಅವನು ಕಟ್ಟಿದ ಮೂರು ಗಾಲಿಯ ಮೋಟಾರು ಬಂಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದು ಕೈಕೊಡತೊಡಗಿದಾಗ ಬೂಟು ಹೊಲಿಯುವವನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳು. ಬ್ರೇಕ್ ಲೈನರಿನ ಹುಟ್ಟು ಅದು ಎನ್ನುತ್ತಾರೆ. ಹತ್ತು ವರ್ಷದೊಳಗೆ ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಇನ್ನೊಂದನ್ನು ಗಮನಿಸಿದ: ಗಾಡಿಯವರು ಇಳಿಜಾರಿನಲ್ಲಿ ಹಳೆಯ ಬೂಟುಗಳನ್ನೇ ಬ್ರೇಕಿಗೆ ಕಟ್ಟುತ್ತಿದ್ದರು. ಬೂಟಿಗಿಂತ ಬಾಳುವಂಥದ್ದು ಮಾಡಬಾರದೇಕೆ ಎಂದು 1897ರಲ್ಲಿ ಕೆಲಸ ಶುರುಮಾಡಿದ. ತನ್ನ ಹೆಸರಿನ ಅಕ್ಷರಗಳನ್ನು ಕಲಸಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರ ಸೇರಿಸಿ ಕಂಪನಿಗೆ ಫೆರೋಡೊ ಎಂದು ಹೆಸರಿಟ್ಟ. ಇವತ್ತಿಗೂ ಬಿಡಿಭಾಗದ ಅಂಗಡಿಗಳಲ್ಲಿ ಆ ಡಬ್ಬಿ ಸಿಗುತ್ತದೆ.

ಅವನು ಮೊದಲು ಬಳಸಿದ ಹತ್ತಿಬಟ್ಟೆ ಬಿಸಿಗೆ ಕರಕಾಗುತ್ತಿತ್ತು. 1908ರ ಹೊತ್ತಿಗೆ ಫ್ರೂಡ್ ಕಲ್ನಾರಿಗೆ, ಅಂದರೆ ಆಸ್ಬೆಸ್ಟಾಸಿಗೆ ತಿರುಗಿದ. ಸುಡದ, ಅಗ್ಗದ, ನೂಲಿನಂತೆ ನೇಯಬಹುದಾದ ಖನಿಜ ಅದು. ಮುಂದಿನ ಎಪ್ಪತ್ತು ವರ್ಷ ಜಗತ್ತಿನ ಬಹುತೇಕ ವಾಹನಗಳು ಅದರ ಮೇಲೇ ನಿಂತವು. ಲೈನರ್ ಉಜ್ಜಿದವರ, ಡ್ರಮ್ ಬಿಚ್ಚಿ ಗಾಳಿ ಹೊಡೆದವರ ಶ್ವಾಸಕೋಶದಲ್ಲಿ ಆ ನೂಲು ಕೂತು ದಶಕಗಳ ನಂತರ ಕ್ಯಾನ್ಸರ್ ತಂದಿತು.

ಆದರೂ ಆ ಕಾಲದ ಗಾಲಿಗಳು ಕಪ್ಪಾಗುತ್ತಿರಲಿಲ್ಲ. ಡ್ರಮ್ ಬ್ರೇಕು ಮುಚ್ಚಿದ ಮಡಕೆಯಂತೆ. ಸವೆದದ್ದೆಲ್ಲ ಒಳಗೇ ಉಳಿಯುತ್ತಿತ್ತು. 1953ರ ಲ ಮಾನ್ 24 ಗಂಟೆಯ ರೇಸಿನಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕ್ ತೊಟ್ಟ ಜಾಗ್ವಾರ್ ಸಿ-ಟೈಪ್ ಗೆದ್ದಿತು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಮುಂದಿನ ಗಾಲಿಗಳಿಗೆ ಡಿಸ್ಕ್ ಹಾಕಿಕೊಂಡೇ ಮಾರುಕಟ್ಟೆಗೆ ಬಂತು. ಡಿಸ್ಕು ಬೇಗ ತಣಿಯುವುದು ತೆರೆದುಕೊಂಡಿರುವುದರಿಂದಲೇ. ಬಿಸಿ ಹೊರಹೋದ ಬಾಗಿಲಲ್ಲೇ ಪುಡಿಯೂ ಹೊರಬಿತ್ತು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಜೋಡಿಯದು. ಮಸಿಯ ಪಾಲೂ ಅದರದ್ದೇ.

ಕಲ್ನಾರು ಬಿಟ್ಟ ಮೇಲೆ ದಾರಿ ಎರಡಾಯಿತು. ನನ್ನ ಗೆಳೆಯನ ಪ್ರಶ್ನೆಗೆ ಉತ್ತರವಿರುವುದು ಈ ಕವಲಿನಲ್ಲಿ. ಜರ್ಮನಿಯ ಆಟೊಬಾನ್ ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಬ್ರೇಕು ಕಾದಷ್ಟೂ ಹಿಡಿಯಬೇಕು. ಯೂರೋಪಿನವರು ಉಕ್ಕಿನ ಎಳೆ, ಗಟ್ಟಿ ಅರಪುಡಿ ಸೇರಿಸಿದ ಪ್ಯಾಡ್ ಮಾಡಿದರು. ಅದು ಡಿಸ್ಕನ್ನು ಕಚ್ಚಿ, ಕೆರೆದು ನಿಲ್ಲಿಸುತ್ತದೆ. ಪ್ಯಾಡಿನ ಜೊತೆ ಡಿಸ್ಕೂ ಸವೆಯುತ್ತದೆ. ಗಾಲಿಯ ಮೇಲಿನ ಮಸಿಯಲ್ಲಿ ದೊಡ್ಡ ಪಾಲು ಡಿಸ್ಕಿನ ಕಬ್ಬಿಣ. ಅದು ಬಿಸಿಬಿಸಿಯಾಗಿ ಬಣ್ಣಕ್ಕೆ ಕಚ್ಚಿಕೊಂಡು, ಮಳೆಗೆ ತುಕ್ಕು ಹಿಡಿದು, ಸೋಪಿಗೆ ಜಗ್ಗದಂತಾಗುತ್ತದೆ. ಗಾಲಿ ತೊಳೆಯುವ ದ್ರಾವಣ ನೇರಳೆ ಬಣ್ಣಕ್ಕೆ ತಿರುಗುವುದೂ ಈ ಕಬ್ಬಿಣದಿಂದಲೇ.

ಜಪಾನ್, ಅಮೆರಿಕದ ಗಿರಾಕಿಗೆ ಅಷ್ಟು ವೇಗ ಬೇಕಿರಲಿಲ್ಲ. ಸದ್ದು ಬೇಡ, ಗಾಲಿ ಚೊಕ್ಕಟವಿರಲಿ, ಪ್ಯಾಡು ಬಾಳಲಿ ಎಂದ. ಅಲ್ಲಿ ಬೆಳೆದದ್ದು ಉಕ್ಕಿಲ್ಲದ ಸಾವಯವ ಪ್ಯಾಡು, 1980ರ ದಶಕದಿಂದ ಅದರ ಸುಧಾರಿತ ತಮ್ಮನಾದ ಸೆರಾಮಿಕ್ ಪ್ಯಾಡು. ಜಪಾನಿನ ಅಕೆಬೊನೊ ಕಂಪನಿ ಇದರಲ್ಲಿ ಮುಂದಿತ್ತು. ಈ ಜಾತಿಯ ಪ್ಯಾಡು ಕೆರೆಯುವುದಕ್ಕಿಂತ ಹೆಚ್ಚಾಗಿ ಅಂಟುತ್ತದೆ. ಮೊದಲು ಡಿಸ್ಕಿನ ಮೇಲೆ ತನ್ನದೇ ತೆಳು ಪದರ ಬಳಿದು, ಆಮೇಲೆ ಆ ಪದರಕ್ಕೆ ಅಂಟಿ-ಬಿಟ್ಟು, ಅಂಟಿ-ಬಿಟ್ಟು ಹಿಡಿತ ಪಡೆಯುತ್ತದೆ. ಡಿಸ್ಕು ಸವೆಯುವುದು ಕಡಿಮೆ, ಹಾಗಾಗಿ ಕಬ್ಬಿಣದ ಪುಡಿಯೂ ಕಡಿಮೆ. ಬೀಳುವ ಪುಡಿಯ ಬಣ್ಣ ತಿಳಿ, ಅಂಟುಗುಣ ಕಮ್ಮಿ. 'ಲೋ ಡಸ್ಟ್' ಎಂಬ ಜಾಹೀರಾತಿನಲ್ಲಿ ಕಡಿಮೆ ಪುಡಿ ಎಷ್ಟು, ಕಣ್ಣಿಗೆ ಕಾಣದ ಪುಡಿ ಎಷ್ಟು ಎಂದು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ.

ಈ ಕಥೆಯಲ್ಲಿ ನಮ್ಮ ಕರಾವಳಿಗೂ ಒಂದು ಪಾತ್ರವಿದೆ. ಗೇರುಬೀಜದ ಸಿಪ್ಪೆಯಿಂದ ಒಸರುವ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ದೋಣಿಗೆ, ಮರಮುಟ್ಟಿಗೆ ಬಳಿಯುತ್ತಿದ್ದ ಅದೇ ಎಣ್ಣೆಯನ್ನು ಫಾರ್ಮಾಲ್ಡಿಹೈಡ್ ಜೊತೆ ಕಾಯಿಸಿ, ಗಟ್ಟಿಗೊಳಿಸಿ, ಅರೆದರೆ ಸಿಗುವ ಕಂದುಪುಡಿ ಬ್ರೇಕ್ ಪ್ಯಾಡಿನ ಹಳೆಯ ಮಸಾಲೆ. ಕೀರಲು ಸದ್ದನ್ನು ಅಡಗಿಸಿ ಹಿಡಿತವನ್ನು ಮೆದು ಮಾಡುವುದು ಅದರ ಕೆಲಸ. ಮಂಗಳೂರಿನ ಗೇರು ಕಾರ್ಖಾನೆಯ ಸಿಪ್ಪೆಗೆ ಡೆಟ್ರಾಯಿಟ್ಟಿನಲ್ಲಿ ಬೆಲೆ ಬಂದದ್ದು ಹೀಗೆ. ಅಂದಹಾಗೆ ಚಾರ್ಮಾಡಿ ಘಾಟಿ ಇಳಿಯುವಾಗ ಮೂಗಿಗೆ ಬಡಿಯುವ ಸುಟ್ಟ ವಾಸನೆ ಪ್ಯಾಡಿನೊಳಗಿನ ಅಂಟು ಬೇಯುವ ವಾಸನೆ. ಅದು ಬಂದಾಗ ಗೇರ್ ಇಳಿಸಿ, ಗಾಡಿ ಬದಿಗೆ ಹಾಕಿ ತಣಿಯಲು ಬಿಡಿ.

ಸೆರಾಮಿಕ್ಕೂ ನಿರ್ದೋಷಿಯಲ್ಲ. ಬಿಸಿ ಸಾಗಿಸಲು ಅದರೊಳಗೆ ತಾಮ್ರ ಬೆರೆಸುತ್ತಿದ್ದರು. ರಸ್ತೆಗೆ ಬಿದ್ದ ತಾಮ್ರ ಮಳೆನೀರಿನಲ್ಲಿ ತೊರೆ ಸೇರಿ ಸಾಲ್ಮನ್ ಮೀನಿನ ಮೂಗು ಕೆಡಿಸುತ್ತದೆಂದು ತಿಳಿಯಿತು. ಮೂಗು ಕೆಟ್ಟ ಮೀನಿಗೆ ಶತ್ರುವಿನ ಸುಳಿವು ಸಿಗದು. ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಕಾನೂನು ತಂದವು: 2021ರಿಂದ ತಾಮ್ರ ಶೇ 5 ಮೀರಬಾರದು, 2025ರಿಂದ ಶೇ 0.5. ಈಗ ಅಮೆರಿಕದಿಂದ ಬರುವ ಡಬ್ಬಿಯ ಮೇಲೆ ಮೂರು ಎಲೆಯ ಗುರುತಿದ್ದರೆ ತಾಮ್ರ ಹೆಚ್ಚುಕಡಿಮೆ ಇಲ್ಲವೆಂದು ಅರ್ಥ.

ಯೂರೋಪು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಮುಖ್ಯವಾಗಿ ಹೊಗೆಕೊಳವೆಯನ್ನು ಅಳೆಯುತ್ತಿದ್ದ ನಿಯಮ ಯೂರೋ 7ರಲ್ಲಿ ಮೊದಲ ಬಾರಿಗೆ ಬ್ರೇಕಿನ ಪುಡಿಯನ್ನೂ ಲೆಕ್ಕಕ್ಕೆ ತಂದಿದೆ. ಸಾಮಾನ್ಯ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಪೂರ್ತಿ ವಿದ್ಯುತ್ ಕಾರಿಗೆ 3. ಹೊಸ ಮಾದರಿಗಳಿಗೆ ಅದು 2026ರ ನವೆಂಬರಿನಿಂದ. ಪೋರ್ಷೆ 2017ರಲ್ಲೇ ಕಾಯೆನ್ ಟರ್ಬೊಗೆ ಟಂಗ್‌ಸ್ಟನ್ ಕಾರ್ಬೈಡ್ ಲೇಪದ ಡಿಸ್ಕ್ ಕೊಟ್ಟು, ಪುಡಿ ಅಷ್ಟಾಗಿ ಬೀಳದೆಂಬ ಠೇಂಕಾರಕ್ಕೆ ಕ್ಯಾಲಿಪರಿಗೆ ಬಿಳಿ ಬಣ್ಣ ಬಳಿದಿತ್ತು.

ಅಂಗಡಿಗೆ ಹೋಗಿ ಪ್ಯಾಡ್ ಕೊಳ್ಳುವವನು ಏನು ನೋಡಬೇಕು? ಆರ್90 ಮುದ್ರೆ ಇದ್ದರೆ ಹಿಡಿತ ಮೂಲ ಪ್ಯಾಡಿಗಿಂತ ಶೇ 15ಕ್ಕಿಂತ ಹೆಚ್ಚು ಆಚೀಚೆ ಇರದು. ಅಂಚಿನ ಎಫ್‌ಎಫ್, ಜಿಜಿ ಮೊದಲಾದ ಎರಡಕ್ಷರ ತಣ್ಣಗಿದ್ದಾಗಿನ ಮತ್ತು ಕಾದಾಗಿನ ಘರ್ಷಣೆಯ ಮಟ್ಟ: ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಒಂದಿಂಚು ಚೌಕದ ತುಣುಕನ್ನು ಉಜ್ಜಿ ಪಡೆದ ಅಂಕಿ ಅದು, ಗುಣದ ಸರ್ಟಿಫಿಕೇಟ್ ಎಂದುಕೊಳ್ಳಬೇಡಿ. ಕಾರಿನಲ್ಲಿ ಕಾರ್ಬನ್-ಸೆರಾಮಿಕ್ ಡಿಸ್ಕ್ ಇದ್ದರೆ 'ಸೆರಾಮಿಕ್ ಪ್ಯಾಡ್' ಎಂಬ ಹೆಸರಿಗೆ ಮರುಳಾಗಬಾರದು, ಎರಡಕ್ಕೂ ಸಂಬಂಧವಿಲ್ಲ. ಇನ್ನು ಹೊಸ ಪ್ಯಾಡನ್ನು ಹಳೆಯ ಜಾತಿಯ ಪದರ ಕೂತ ಡಿಸ್ಕಿಗೆ ಹಾಗೇ ಹಾಕಿಸಿದರೆ ನಡುಕ, ಕಿರಿಕಿರಿ ಖಚಿತ. ಡಿಸ್ಕ್ ಚೊಕ್ಕ ಮಾಡಿಸಿ, ಖಾಲಿ ರಸ್ತೆಯಲ್ಲಿ ಪೂರ್ತಿ ನಿಲ್ಲಿಸದೆ ಹಲವು ಸಲ ಬ್ರೇಕ್ ಹಿಡಿದು ಹೊಸ ಪದರ ಕೂರಿಸಬೇಕು.

ಗೆಳೆಯ ಕೊನೆಗೆ ಸೆರಾಮಿಕ್ ಹಾಕಿಸಿಕೊಂಡ. ಪೆಡಲ್ ಒತ್ತಿದೊಡನೆ ಸಿಗುತ್ತಿದ್ದ ಆ ಕಚ್ಚು ಈಗಿಲ್ಲ ಎಂದು ಗೊಣಗುತ್ತಾನೆ. ಅದು ನಿಜವೇ, ಊರೊಳಗೆ ಅದರ ಅಗತ್ಯವೂ ಇಲ್ಲ. ಹಳೆಯ ಪ್ಯಾಡು, ಡಿಸ್ಕು ಎರಡನ್ನೂ ಎತ್ತಿಟ್ಟಿದ್ದಾನೆ, ಕೊಯಮತ್ತೂರಿನ ಟ್ರ್ಯಾಕಿಗೆ ಹೋಗುವಾಗ ಬೇಕೆಂದು. ಟ್ರ್ಯಾಕಿನಲ್ಲಿ ಗಾಲಿ ಕಪ್ಪಾಗಲಿ ಬಿಡಿ, ಅಲ್ಲಿ ಸೆರಾಮಿಕ್ ನಂಬಿ ಹೋಗುವುದು ತಪ್ಪು.

ನಿಮ್ಮ ಗಾಡಿ ಯಾವುದೇ ಇರಲಿ, ಗ್ಯಾರೇಜಿನ ಹುಡುಗ ಬ್ರೇಕ್ ಬಿಚ್ಚಿ ಗಾಳಿಪೈಪಿಗೆ ಕೈಹಾಕಿದರೆ ತಡೆಯಿರಿ. ಬಿಳಿ ಕಲ್ನಾರಿಗೆ ನಮ್ಮ ದೇಶದಲ್ಲಿ ಪೂರ್ತಿ ನಿಷೇಧ ಬಂದಿಲ್ಲ, ಹಳೆಯ ಲೈನರಿನಲ್ಲಿ ಏನಿದೆಯೆಂದು ನೋಡಿ ಹೇಳಲಾಗದು. ಅವನ ಕೈಗೆ ಒದ್ದೆ ಬಟ್ಟೆ ಕೊಡಿ.